ಹೊನ್ನು ಮತ್ತು ಹುಡಿ: ಅದಿರಿನ ಬೇರ್ಪಡಿಕೆಯೂ ಶ್ವಾಸಕೋಶದ ರಕ್ಷಣೆಯೂ

ನಮ್ಮ ತಾಯಂದಿರು ಮೊರದಲ್ಲಿ ಅಕ್ಕಿಯನ್ನು ಕೇರುವಾಗ ಹಗುರವಾದ ಹೊಟ್ಟು ಹಾರಿಹೋಗಿ, ತೂಕವುಳ್ಳ ಕಾಳು ಉಳಿಯುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದೇ ಅಕ್ಕಿಯನ್ನು ನೀರಿನಲ್ಲಿ ಗಾಳಿಸಿದರೆ ಅಕ್ಕಿ ಹೊರಬಂದು ಕಲ್ಲು ತಳದಲ್ಲಿ ನಿಲ್ಲುತ್ತದೆ. ಬೇಕಾದುದನ್ನು ಉಳಿಸಿಕೊಂಡು ಬೇಡವಾದುದನ್ನು ತೆಗೆದುಹಾಕುವ ಈ ಅಡುಗೆಮನೆಯ ವಿದ್ಯೆಯೇ ಗಣಿಗಳಲ್ಲಿ ‘ಅದಿರಿನ ಪರಿಷ್ಕರಣ’ ಎಂಬ ಶಾಸ್ತ್ರವಾಗಿ ಬೆಳೆದಿದೆ. ಆದರೆ ಮೊರದಿಂದ ಹಾರಿದ ಹೊಟ್ಟು ಅಂಗಳಕ್ಕೆ ಬೀಳುತ್ತದೆ. ಬಂಡೆಯಿಂದ ಹಾರಿದ ಹುಡಿ ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಯು ಶಾಸ್ತ್ರಕ್ಕೆ ಎಷ್ಟು ಸಂಬಂಧಿಸಿದುದೋ ಆರೋಗ್ಯಕ್ಕೂ ಅಷ್ಟೇ ಸಂಬಂಧಿಸಿದುದು.

ನಾಚಾರಂ ಸುತ್ತಮುತ್ತ ನೆಲೆಸಿರುವ ನಮಗೆ ಈ ವಿಷಯವು ದೂರದ್ದೇನೂ ಅಲ್ಲ. ರಾಯಚೂರು ಜಿಲ್ಲೆಯು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ಸಂಸ್ಥಾನಕ್ಕೇ ಸೇರಿದ್ದಿತು. ಅಲ್ಲಿನ ಹಟ್ಟಿ ಚಿನ್ನದ ಗಣಿಯ ಸಂಸ್ಥೆಯು 1947ರಲ್ಲಿ ಆರಂಭವಾದಾಗ ‘ಹೈದರಾಬಾದ್ ಗೋಲ್ಡ್ ಮೈನ್ಸ್’ ಎಂಬ ಹೆಸರನ್ನೇ ಹೊಂದಿದ್ದಿತು. ಕನ್ನಡ ನಾಡಿನ ಚಿನ್ನಕ್ಕೂ ಈ ನಗರಕ್ಕೂ ಹೀಗೆ ಹಳೆಯ ನಂಟುಂಟು.

ಮೊದಲ ಹೆಜ್ಜೆ: ಪುಡಿಮಾಡುವುದು

ಅದಿರು ಎಂದರೆ ಬೆಲೆಯುಳ್ಳ ಖನಿಜವೂ ನಿರುಪಯುಕ್ತವಾದ ಶಿಲೆಯೂ ಬೆರೆತಿರುವ ಬಂಡೆ. ಚಿನ್ನದ ಅದಿರಿನಲ್ಲಾದರೆ ಒಂದು ಟನ್ನಿಗೆ, ಎಂದರೆ ಹತ್ತು ಲಕ್ಷ ಗ್ರಾಂ ಬಂಡೆಗೆ, ಕೆಲವೇ ಗ್ರಾಂ ಚಿನ್ನ ದೊರೆತರೂ ಗಣಿಗಾರಿಕೆ ಲಾಭದಾಯಕವಾಗಬಹುದು. ಉಳಿದುದರಲ್ಲಿ ಹೆಚ್ಚಿನ ಪಾಲು ಬೆಣಚುಕಲ್ಲು ಮೊದಲಾದ ಶಿಲೆ. ಈ ಎರಡನ್ನೂ ಬಿಡಿಸಬೇಕಾದರೆ ಬಂಡೆಯನ್ನು ಒಡೆದು, ಉಕ್ಕಿನ ಗುಂಡುಗಳಿರುವ ಉರುಳುಗಿರಣಿಯಲ್ಲಿ ಅರೆಯಬೇಕು. ಎಷ್ಟೋ ಅದಿರುಗಳನ್ನು ಸುಮಾರು 75 ಮೈಕ್ರಾನಿನಷ್ಟು, ಎಂದರೆ ತಲೆಗೂದಲಿನ ದಪ್ಪದಷ್ಟು, ನುಣ್ಣಗೆ ಅರೆಯುವುದುಂಟು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಈ ಅಳತೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು; ಮುಂದೆ ಇದರ ಪ್ರಯೋಜನವಿದೆ.

ಬೇರ್ಪಡಿಸುವ ವಿಧಾನಗಳು

1. ತೂಕದ ವಿಧಾನ: ಚಿನ್ನವು ನೀರಿಗಿಂತ ಸುಮಾರು 19 ಪಟ್ಟು ಭಾರ, ಬೆಣಚುಕಲ್ಲು ಎರಡೂವರೆ ಪಟ್ಟಿಗಿಂತ ಸ್ವಲ್ಪವೇ ಹೆಚ್ಚು. ಹರಿಯುವ ನೀರಿನಲ್ಲಿ ಕಲ್ಲಿನ ಹುಡಿ ತೇಲಿಹೋಗಿ ಚಿನ್ನದ ಕಣಗಳು ತಂಗುತ್ತವೆ. ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳನ್ನು ತೊಳೆದು ಚಿನ್ನವನ್ನು ಹುಡುಕುತ್ತಿದ್ದ ಜಲಗಾರರು ಅನುಸರಿಸಿದುದು ಇದೇ ವಿಧಾನವನ್ನು.

2. ಪಾದರಸದ ವಿಧಾನ: ಕೋಲಾರದ ಗಿರಣಿಗಳಲ್ಲಿ ಅದಿರಿನ ಹುಡಿಯನ್ನು ನೀರಿನೊಡನೆ, ಪಾದರಸ ಲೇಪಿಸಿದ ತಾಮ್ರದ ತಗಡುಗಳ ಮೇಲೆ ಹರಿಯಿಸುತ್ತಿದ್ದರು. ಪಾದರಸವು ಚಿನ್ನವನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಆ ಮಿಶ್ರಣವನ್ನು ಕಾಯಿಸಿದರೆ ಪಾದರಸ ಆವಿಯಾಗಿ ಚಿನ್ನ ಉಳಿಯುತ್ತದೆ. ಈ ಆವಿಯು ನರಮಂಡಲಕ್ಕೆ ವಿಷವೆಂಬುದನ್ನು ಮರೆಯಲಾಗದು.

3. ಸೈನೈಡ್ ವಿಧಾನ: 1887ರಲ್ಲಿ ಸ್ಕಾಟ್ಲೆಂಡಿನ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸೋದರರು ಇದಕ್ಕೆ ಹಕ್ಕುಪತ್ರ ಪಡೆದರು. ಗಾಳಿ ಬೆರೆತ ತೆಳುವಾದ ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗುತ್ತದೆ, ಶಿಲೆ ಕರಗುವುದಿಲ್ಲ. ಅನಂತರ ಸತುವಿನ ಪುಡಿಯಿಂದಾಗಲಿ ವಿಶೇಷ ಇದ್ದಲಿನಿಂದಾಗಲಿ ಚಿನ್ನವನ್ನು ಹಿಂಪಡೆಯುತ್ತಾರೆ. ದ್ರಾವಣಕ್ಕೆ ಸುಣ್ಣವನ್ನು ಬೆರೆಸಿ ಕ್ಷಾರೀಯವಾಗಿಡುವುದು ಅತ್ಯವಶ್ಯ. ಇಲ್ಲವಾದರೆ ಪ್ರಾಣಾಂತಕ ಅನಿಲವು ಹೊರಬೀಳುತ್ತದೆ.

4. ನೊರೆಯ ವಿಧಾನ: ಚಿತ್ರದುರ್ಗದ ಬಳಿಯ ಇಂಗಳದಾಳದಲ್ಲಿ ದೊರೆತಂಥ ತಾಮ್ರದ ಅದಿರಿಗೆ ಇದು ಸೂಕ್ತ. ಕೆಲವು ರಾಸಾಯನಿಕಗಳನ್ನು ಬೆರೆಸಿದಾಗ ತಾಮ್ರಖನಿಜದ ಕಣಗಳ ಮೈ ನೀರನ್ನು ಒಲ್ಲದಂತಾಗುತ್ತದೆ. ಆಗ ಅವು ಗಾಳಿಯ ಗುಳ್ಳೆಗಳಿಗೆ ಅಂಟಿಕೊಂಡು, ಕಡೆದ ಮಜ್ಜಿಗೆಯಲ್ಲಿ ಬೆಣ್ಣೆ ಏಳುವಂತೆ, ಮೇಲಕ್ಕೆ ಬರುತ್ತವೆ.

5. ಕಾಂತ ಮತ್ತು ವಿದ್ಯುತ್ತಿನ ವಿಧಾನ: ಕುದುರೆಮುಖದ ಮ್ಯಾಗ್ನೆಟೈಟ್ ಅದಿರನ್ನು ಅರೆದು ಕಾಂತಗಳಿಂದ ಬೇರ್ಪಡಿಸಿ, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಸಾಗಿಸುತ್ತಿದ್ದರು. ಆ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ನಮ್ಮ ನೆರೆಯ ನ್ಯೂಕ್ಲಿಯರ್ ಫ್ಯೂಯೆಲ್ ಕಾಂಪ್ಲೆಕ್ಸಿಗೆ ಬೇಕಾದ ಜಿರ್ಕಾನ್ ಖನಿಜವು ಕಡಲತೀರದ ಮರಳಿನಿಂದ ದೊರೆಯುತ್ತದೆ. ಆ ಮರಳಿನ ಇಲ್ಮನೈಟನ್ನು ಕಾಂತವು ಸೆಳೆದುಕೊಳ್ಳುತ್ತದೆ; ವಿದ್ಯುತ್ತನ್ನು ಹರಿಯಗೊಡುವ ರೂಟೈಲ್ ಮತ್ತು ಹರಿಯಗೊಡದ ಜಿರ್ಕಾನ್‌ಗಳನ್ನು ಅಧಿಕ ವಿದ್ಯುದೊತ್ತಡದಿಂದ ಬಿಡಿಸುತ್ತಾರೆ.

ಹುಡಿಯ ಗತಿ

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಖನಿಜವನ್ನು ತೆಗೆದ ಮೇಲೆ ಶಿಲೆಯ ಹುಡಿ ಮಾಯವಾಗುವುದಿಲ್ಲ. ಕೋಲಾರದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಅಲ್ಲಿಂದ ಹೊರಟ ಚಿನ್ನ ಎಂದೋ ಲೋಕದಲ್ಲಿ ಹಂಚಿಹೋಯಿತು. ಸೈನೈಡ್ ದಿಬ್ಬಗಳೆಂದು ಜನರು ಕರೆಯುವ ಹುಡಿಯ ಗುಡ್ಡಗಳು ಮಾತ್ರ ಊರಿನ ನಡುವೆ ಉಳಿದವು. ಬೇಸಗೆಯ ಗಾಳಿಗೆ ಅವುಗಳ ಧೂಳು ಮನೆಗಳಿಗೆ ನುಗ್ಗುವುದನ್ನು ಅಲ್ಲಿನವರು ಬಲ್ಲರು.

ಇದಕ್ಕಿಂತಲೂ ಘೋರವಾದುದು ದುಡಿಯುವವನ ಎದೆಯೊಳಗೆ ಸಂಗ್ರಹವಾಗುವ ಹುಡಿ. 75 ಮೈಕ್ರಾನಿನ ಕಣವು ಮೂಗು ಗಂಟಲುಗಳಲ್ಲಿಯೇ ತಡೆಯಲ್ಪಡುತ್ತದೆ. ಆದರೆ ಬಂಡೆಯನ್ನು ಒಣದಾಗಿ ಕೊರೆಯುವಾಗ, ಒಡೆಯುವಾಗ, ಅರೆಯುವಾಗ, ಅದಕ್ಕಿಂತ ಹತ್ತು ಹದಿನೈದು ಪಟ್ಟು ಸಣ್ಣ ಕಣಗಳೂ ಹುಟ್ಟುತ್ತವೆ. ಇವು ಕಣ್ಣಿಗೆ ಕಾಣದೆ, ಗಾಳಿಯಲ್ಲಿ ಬಹುಹೊತ್ತು ತೇಲುತ್ತ, ಶ್ವಾಸಕೋಶದ ಗಾಳಿಚೀಲಗಳನ್ನೇ ಮುಟ್ಟುತ್ತವೆ. ಬೆಣಚಿನ ಸಿಲಿಕಾ ಕಣವನ್ನು ದೇಹದ ರಕ್ಷಕ ಕೋಶಗಳು ನುಂಗುತ್ತವೆ, ಆದರೆ ಜೀರ್ಣಿಸಿಕೊಳ್ಳಲಾರದೆ ತಾವೇ ಸಾಯುತ್ತವೆ. ಅಲ್ಲಲ್ಲಿ ಗಂಟುಗಳೆದ್ದು ಶ್ವಾಸಕೋಶ ಗಟ್ಟಿಯಾಗುತ್ತದೆ. ಇದೇ ಸಿಲಿಕೋಸಿಸ್. ಭಾರತದಲ್ಲಿ ಈ ರೋಗವನ್ನು ಮೊದಮೊದಲು ಗುರುತಿಸಿದ ಸ್ಥಳಗಳಲ್ಲಿ ಕೋಲಾರವೂ ಒಂದು.

ಈ ರೋಗವನ್ನು ಗುಣಪಡಿಸುವ ಔಷಧವಿಲ್ಲ, ತಡೆಯುವುದೊಂದೇ ದಾರಿ. ಸಾಮಾನ್ಯವಾಗಿ ಹತ್ತಾರು ವರ್ಷಗಳ ದುಡಿಮೆಯ ಅನಂತರ ಏದುಸಿರು, ಒಣಕೆಮ್ಮು ಕಾಣಿಸಿಕೊಳ್ಳುತ್ತವೆ; ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯಬಹುದು. ಸಿಲಿಕಾ ಸೇವಿಸಿದವರಿಗೆ ಕ್ಷಯವು ಸುಲಭವಾಗಿ ತಗುಲುತ್ತದೆ. ಕ್ಷಯವೆಂದೇ ಭ್ರಮಿಸಿ ಚಿಕಿತ್ಸೆ ನಡೆಯುವುದೂ ಉಂಟು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ ಈ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು.

ನಾವು ಮಾಡಬೇಕಾದುದು

ಗಣಿಯೇ ಆಗಬೇಕೆಂದಿಲ್ಲ. ಕಲ್ಲು ಕೊಯ್ಯುವಲ್ಲಿ, ಬೆಣಚನ್ನು ಪುಡಿಮಾಡುವಲ್ಲಿ, ಎರಕದ ಮನೆಯಲ್ಲಿ, ಮರಳನ್ನು ಚಿಮ್ಮಿಸಿ ಲೋಹದ ಮೈಯನ್ನು ಉಜ್ಜುವಲ್ಲಿ ಇದೇ ಧೂಳಿದೆ. ಕೈಗಾರಿಕಾ ಪ್ರದೇಶದ ನಿವಾಸಿಗಳಾದ ನಮ್ಮಲ್ಲಿ ಇಂಥ ಕೆಲಸದವರು ಇದ್ದರೆ ಈ ಸೂಚನೆಗಳನ್ನು ಪಾಲಿಸಬೇಕು:

(ಅ) ನೀರೇ ಮೊದಲ ಮಿತ್ರ. ಕೊರೆಯುವಾಗ, ಕೊಯ್ಯುವಾಗ ನೀರು ಹನಿಸುತ್ತಿರಲಿ. ಒಣ ಪೊರಕೆಯಿಂದ ಗುಡಿಸುವುದು, ಗಾಳಿಕೊಳವೆಯಿಂದ ಬಟ್ಟೆ ಕೊಡವುವುದು ಸಲ್ಲದು.

(ಆ) ಮೂಗಿಗೆ ಕಟ್ಟಿದ ಕರವಸ್ತ್ರವು ಸೂಕ್ಷ್ಮ ಧೂಳನ್ನು ತಡೆಯದು. ಮುಖಕ್ಕೆ ಸರಿಯಾಗಿ ಕೂಡುವ ಎನ್-95 ಅಥವಾ ಅದಕ್ಕೂ ಮೇಲಿನ ದರ್ಜೆಯ ಮುಖವಾಡ ಬೇಕು. ಧೂಳನ್ನು ಹುಟ್ಟಿದಲ್ಲೇ ಹೀರುವ ಯಂತ್ರವು ಇದಕ್ಕಿಂತಲೂ ಮೇಲು.

(ಇ) ಕೆಲಸದ ಬಟ್ಟೆಯನ್ನು ಮನೆಗೆ ತರಬಾರದು; ಹೆಂಡತಿ ಮಕ್ಕಳೂ ಅದೇ ಧೂಳನ್ನು ಉಸಿರಾಡುವರು.

(ಈ) ಧೂಮಪಾನವನ್ನು ಬಿಡತಕ್ಕದ್ದು. ನಿಯತಕಾಲದಲ್ಲಿ ಎದೆಯ ಕ್ಷ-ಕಿರಣ ಚಿತ್ರ ಮತ್ತು ಉಸಿರಿನ ಪರೀಕ್ಷೆ ಮಾಡಿಸಿಕೊಳ್ಳಬೇಕು.

(ಉ) ವೈದ್ಯರ ಬಳಿ ‘ಕೆಮ್ಮು’ ಎಂದಷ್ಟೇ ಹೇಳದೆ, ಯಾವ ಕೆಲಸವನ್ನು ಎಷ್ಟು ವರ್ಷ ಮಾಡಿದೆವೆಂಬುದನ್ನೂ ತಿಳಿಸಬೇಕು. ಸಿಲಿಕೋಸಿಸ್ ಕಾನೂನು ಒಪ್ಪಿರುವ ಔದ್ಯೋಗಿಕ ರೋಗ. ಪರಿಹಾರ ಪಡೆಯುವ ಹಕ್ಕಿದೆ. ಇ.ಎಸ್.ಐ. ವಿಮೆಯುಳ್ಳವರಿಗೆ ನಾಚಾರಂನಲ್ಲಿಯೇ ಆಸ್ಪತ್ರೆಯಿದೆ.

ಬಂಡೆಯಿಂದ ಹೊನ್ನನ್ನು ಬೇರ್ಪಡಿಸಲು ಮನುಷ್ಯನು ನೀರು, ನೊರೆ, ಕಾಂತ, ವಿದ್ಯುತ್ತು ಎಲ್ಲವನ್ನೂ ಬಳಸಿದನು. ಶ್ವಾಸಕೋಶದೊಳಗೆ ಸೇರಿದ ಹುಡಿಯನ್ನು ಬೇರ್ಪಡಿಸಿ ತೆಗೆಯುವ ವಿಧಾನವು ಇಂದಿಗೂ ಕೈಗೂಡಿಲ್ಲ. ಆದುದರಿಂದ ಅದು ಒಳಗೆ ಹೋಗದಂತೆ ನೋಡಿಕೊಳ್ಳುವುದೇ ಜಾಣತನ.