ಮನ್ನಾರ್‌ನ ಗಾಳಿ ಕಲಿಸಿದ್ದು

ಗಾಳಿ ವಿದ್ಯುತ್ ಯೋಜನೆಯಲ್ಲಿ ಹಕ್ಕಿ ಉಳಿಯುತ್ತದೋ ಇಲ್ಲವೋ ಎಂಬುದು ನಕ್ಷೆಯ ಮೇಲೆ ಚುಕ್ಕೆ ಇಡುವಾಗಲೇ ಮುಕ್ಕಾಲುಪಾಲು ತೀರ್ಮಾನವಾಗಿರುತ್ತದೆ. ಚಿತ್ರದುರ್ಗದ ಗುಡ್ಡಗಳಲ್ಲಿ ಗಾಳಿಯಂತ್ರಗಳಿಗೆ ಬುನಾದಿ ಹಾಕಿಸುತ್ತಿದ್ದ ನನಗೆ ಇದು ಮನದಟ್ಟಾಗಿದ್ದು ಉಪಗುತ್ತಿಗೆಯ ಕೆಲಸಕ್ಕೆಂದು ಶ್ರೀಲಂಕಾದ ಮನ್ನಾರ್ ದ್ವೀಪಕ್ಕೆ ಹೋದಾಗ.

ಮನ್ನಾರ್ ಇರುವುದು ನಮ್ಮ ಧನುಷ್ಕೋಟಿಯ ಎದುರಿಗೆ, ರಾಮಸೇತುವಿನ ಆಚೆ ತುದಿಯಲ್ಲಿ. ಚಪ್ಪಟೆ ಮರಳುನೆಲ, ತಾಳೆಮರಗಳು, ಬೀದಿಯಲ್ಲೆಲ್ಲ ಕತ್ತೆಗಳು. ದ್ವೀಪದ ದಕ್ಷಿಣ ಕರಾವಳಿಯಲ್ಲಿ ಸಿಲೋನ್ ವಿದ್ಯುತ್ ಮಂಡಳಿ ಕಟ್ಟಿಸಿದ ‘ತಂಬಪವನಿ’ ಯೋಜನೆ ಇದೆ. ತಲಾ 3.45 ಮೆಗಾವಾಟ್‌ನ 30 ಯಂತ್ರಗಳು, ಒಟ್ಟು 103.5 ಮೆಗಾವಾಟ್. ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಕಟ್ಟಿದ ಇದು 2020ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಅದೇ ಮನ್ನಾರ್ ಸೀಮೆ ಮಧ್ಯ ಏಷ್ಯಾ ವಲಸೆ ಮಾರ್ಗದ ದಕ್ಷಿಣ ತುದಿಯೂ ಹೌದು. ಉತ್ತರದ ಚಳಿ ತಪ್ಪಿಸಿಕೊಂಡು ಬರುವ ಸೂಜಿಬಾಲದ ಬಾತು, ಗದ್ದೆಗೊರವ, ಜೊತೆಗೆ ರಾಜಹಂಸ, ಎಲ್ಲವೂ ಇಲ್ಲಿಳಿಯುತ್ತವೆ. ಪಕ್ಕದ ವಂಕಾಲೈ ಪಕ್ಷಿಧಾಮ 2010ರಿಂದ ಅಂತಾರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಯಲ್ಲಿದೆ.

ಅಲ್ಲಿ ಕಲಿತ ಮೊದಲ ಪಾಠ ಪಂಚಾಂಗದ್ದು. ನೈಋತ್ಯ ಮಾರುತ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಬಿರುಸಾಗಿ ಬೀಸುತ್ತದೆ, ವಿದ್ಯುತ್ತಿನ ಸುಗ್ಗಿ ಆಗಲೇ. ವಲಸೆ ಹಕ್ಕಿಗಳು ಬೀಡುಬಿಡುವುದು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಹಿಂಡು ಹತ್ತಿರ ಬಂದಾಗ ಯಂತ್ರ ನಿಲ್ಲಿಸಿದರೂ ದೊಡ್ಡ ನಷ್ಟವಾಗದಿರುವುದು ಇದರಿಂದಲೇ. ಆದರೆ ಕಟ್ಟುವ ಕಾಲದಲ್ಲಿ ಲೆಕ್ಕ ತಿರುಗುಮುರುಗು. ಬ್ಲೇಡನ್ನು ಮೇಲೆತ್ತುವ ಕ್ರೇನಿಗೆ ಗಾಳಿ ಆಗಿಬರುವುದಿಲ್ಲ, ಅದಕ್ಕೆ ಬೇಕಾದ ಶಾಂತ ದಿನಗಳು ಹೆಚ್ಚಾಗಿ ಸಿಗುವುದು ಹಕ್ಕಿಗಳ ಕಾಲದಲ್ಲಿ. ಹಾಗಾಗಿ ಅಗೆತ, ರಸ್ತೆ, ಕೇಬಲ್ಲು, ಕಾಂಕ್ರೀಟಿನಂಥ ಗದ್ದಲದ ಕೆಲಸವನ್ನೆಲ್ಲ ಗಾಳಿಯ ತಿಂಗಳಲ್ಲೇ ಮುಗಿಸಬೇಕು. ಎತ್ತುವ ಕೆಲಸವನ್ನು ಮಾತ್ರ ಉಳಿಸಿಕೊಂಡು, ಮುಂಜಾನೆ ಮುಸ್ಸಂಜೆಯ ಹಾರಾಟದ ಹೊತ್ತು ಬಿಟ್ಟು ಮಾಡಬೇಕು. ಈ ವೇಳಾಪಟ್ಟಿ ಟೆಂಡರ್ ಪತ್ರದಲ್ಲೇ ಇರಬೇಕು. ಗುತ್ತಿಗೆ ಕೈಗೆ ಬಂದ ಮೇಲೆ ಯಾರೂ ಹಕ್ಕಿಗಾಗಿ ಕ್ರೇನಿನ ಬಾಡಿಗೆ ಕಳೆದುಕೊಳ್ಳುವುದಿಲ್ಲ.

ಎರಡನೆಯದು ನೀರಿನ ಪಾಠ. ಒಂದು ದಿನ ರಸ್ತೆಯ ಮಟ್ಟ ಹಿಡಿಯುತ್ತಿದ್ದಾಗ ಬಲೆ ಹೊತ್ತಿದ್ದ ಹಿರಿಯ ಮೀನುಗಾರರೊಬ್ಬರು ನಿಂತರು. “ತಂಬಿ, ಇಲ್ಲಿ ಮಣ್ಣು ಏರಿಸಿದರೆ ಮಳೆನೀರು ಎಲ್ಲಿ ಹೋಗಬೇಕು?” ಎಂದು ತಮಿಳಿನಲ್ಲಿ ಕೇಳಿದರು. ನನಗೆ ಕಂಡಿದ್ದು ಒಣ ಮರಳು ಮಾತ್ರ. “ನೀವೇ ತೋರಿಸಿ ಅಯ್ಯಾ” ಎಂದೆ. ಕಾಲಿನಿಂದ ಗೀರೆಳೆಯುತ್ತ ನಡೆದರು. ಕೊನೆಗೆ ನಿಂತದ್ದು ಒಂದು ತಗ್ಗಿನಲ್ಲಿ, ಅಲ್ಲಿ ಪುಟ್ಟ ಪುಟ್ಟ ಕಪ್ಪೆಚಿಪ್ಪುಗಳು ಸಾಲಾಗಿ ಕೂತಿದ್ದವು. ಹೋದ ಮಳೆಗಾಲದ ನೀರಿನ ಗುರುತು ಅದು. ಆ ಗೀರಿನ ಮೇಲೇ ಮೋರಿ ಕೂರಿಸಿದೆವು. ಸಪಾಟು ನೆಲದಲ್ಲಿ ಮೊಣಕಾಲೆತ್ತರದ ರಸ್ತೆಯೂ ಅಣೆಕಟ್ಟೇ. ಒಂದು ಕಡೆ ಮನೆಯಂಗಳದಲ್ಲಿ ನೀರು, ಇನ್ನೊಂದು ಕಡೆ ಹಕ್ಕಿ ಮೇಯುವ ಕೆಸರು ಒಣಗಿ ಬಿರುಕು. ಹೊಸ ಗಾಳಿ ಯೋಜನೆಗಳ ವಿರುದ್ಧ 2025ರಲ್ಲಿ ಮನ್ನಾರ್ ಜನ ಬೀದಿಗಿಳಿದಾಗ ಅವರ ದೂರುಗಳಲ್ಲಿ ಮಳೆನೀರು ನಿಲ್ಲುವುದೂ ಒಂದಾಗಿತ್ತು.

ಮೂರನೆಯದು ಸತ್ತ ಹಕ್ಕಿಗಳ ಲೆಕ್ಕ. ಯಂತ್ರದ ಬುಡದಲ್ಲಿ ಪಟ್ಟೆಪಟ್ಟೆಯಾಗಿ ನಡೆದು ಹುಡುಕುವ ಸಮೀಕ್ಷೆಯವರ ಜೊತೆ ನಾನೂ ಸುತ್ತಿದ್ದೇನೆ. ಬಿದ್ದ ಹಕ್ಕಿ ನಾಯಿ, ಕಾಗೆಗಳ ಪಾಲಾಗಿ ಬೆಳಗಾಗುವುದರೊಳಗೆ ಮಾಯವಾಗುತ್ತದೆ. ಬಲ್ಲವರು ಅದಕ್ಕೇ ಮೊದಲು ಸತ್ತ ಕೋಳಿಗಳನ್ನು ಅಲ್ಲಲ್ಲಿ ಇಟ್ಟು, ಅವು ಎಷ್ಟು ದಿನ ಉಳಿಯುತ್ತವೆ, ಹುಡುಕುವವರ ಕಣ್ಣಿಗೆ ಎಷ್ಟು ಬೀಳುತ್ತವೆ ಎಂದು ಪರೀಕ್ಷೆ ಮಾಡಿ ಲೆಕ್ಕ ಸರಿದೂಗಿಸುತ್ತಾರೆ. ಆ ಪರೀಕ್ಷೆ ಇಲ್ಲದೆ ‘ಒಂದೂ ಸತ್ತಿಲ್ಲ’ ಎಂದು ಯಾರಾದರೂ ವರದಿ ಕೊಟ್ಟರೆ ನಂಬಬೇಡಿ.

ತಂತಿಯ ಮಾತೂ ಇದೆ. ಎಲ್ಲರ ಕಣ್ಣು ತಿರುಗುವ ಬ್ಲೇಡಿನ ಮೇಲೆ, ಆದರೆ ರಾತ್ರಿ ಹಾರುವ ರಾಜಹಂಸಕ್ಕೆ ಗೋಪುರದಿಂದ ಗೋಪುರಕ್ಕೆ ಎಳೆದ ತೆಳು ತಂತಿಯೂ ಅಷ್ಟೇ ಅಪಾಯ. ರಾಜಸ್ಥಾನದಲ್ಲಿ ಹೆಬ್ಬಕ ಪಕ್ಷಿಗಳು ತಂತಿಗೆ ಬಡಿದು ಸಾಯುತ್ತಿದ್ದುದರಿಂದಲೇ ಆ ವಿಷಯ 2021ರಲ್ಲಿ ಸುಪ್ರೀಂ ಕೋರ್ಟಿನ ಆದೇಶದವರೆಗೆ ಹೋಯಿತು. ಜೌಗಿನ ಬಳಿ ತಂತಿ ನೆಲದಡಿ ಹೋಗಲಿ, ಆಗದಿದ್ದರೆ ಕಣ್ಣಿಗೆ ಕಾಣುವ ಬಿಲ್ಲೆಗಳನ್ನಾದರೂ ತೂಗುಹಾಕಲಿ.

ಜಾಗ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಾರ್ವೆಯ ಸ್ಮೋಲಾ ದ್ವೀಪ ಸಾಕ್ಷಿ. ಬಿಳಿಬಾಲದ ಕಡಲ ಹದ್ದುಗಳು ದಟ್ಟವಾಗಿ ಗೂಡು ಕಟ್ಟುವ ಆ ದ್ವೀಪದಲ್ಲಿ 2005ರ ಹೊತ್ತಿಗೆ 68 ಯಂತ್ರಗಳು ನಿಂತವು, ಹದ್ದುಗಳು ಬಡಿದು ಸಾಯತೊಡಗಿದವು. ಆಮೇಲೆ ವಿಜ್ಞಾನಿಗಳು ನಾಲ್ಕು ಯಂತ್ರಗಳಲ್ಲಿ ಮೂರರಲ್ಲೊಂದು ಬ್ಲೇಡಿಗೆ ಕಪ್ಪು ಬಣ್ಣ ಬಳಿದು ನೋಡಿದರು. ಅಲ್ಲಿ ಹಕ್ಕಿಗಳ ಸಾವು ಸುಮಾರು ಶೇ. 70ರಷ್ಟು ಇಳಿದದ್ದಾಗಿ 2020ರಲ್ಲಿ ಪ್ರಕಟಿಸಿದರು. ಒಳ್ಳೆಯ ಉಪಾಯವೇ. ಕಾರ್ಖಾನೆಯಲ್ಲೇ ಬಳಿದು ಕಳಿಸಿದರೆ ಖರ್ಚೂ ಕಡಿಮೆ. ಆದರೆ ಗೂಡುಗಳ ನಡುವೆ ಕಂಬ ನೆಟ್ಟ ತಪ್ಪನ್ನು ಬಣ್ಣ ಪೂರ್ತಿ ಅಳಿಸುವುದಿಲ್ಲ.

ಇದು ದ್ವೀಪಗಳ ಕಥೆ ಮಾತ್ರ ಅಲ್ಲ. ಮಹಾರಾಷ್ಟ್ರದ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾರಿಯಾ ಥಾಕರ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಗಾಳಿಯಂತ್ರಗಳಿರುವ ಕಡೆ ಬೇಟೆಹಕ್ಕಿಗಳು ಸುಮಾರು ನಾಲ್ಕು ಪಟ್ಟು ಕಡಿಮೆ, ಹಲ್ಲಿ-ಓತಿಗಳು ಹೆಚ್ಚು. ಹಕ್ಕಿ ಸಾಯಲೇಬೇಕೆಂದಿಲ್ಲ, ಜಾಗ ಬಿಟ್ಟು ಹೋದರೂ ಕಾಡಿನ ಲೆಕ್ಕ ಏರುಪೇರಾಗುತ್ತದೆ.

ನಮ್ಮಲ್ಲಿ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಇಲ್ಲವೇ ಇಲ್ಲ. ಚಿತ್ರದುರ್ಗ, ಗದಗದ ಗುಡ್ಡಸಾಲುಗಳಲ್ಲಿ ಹೊಸ ಯಂತ್ರ ನೆಡಲು ಹೊರಟವರು ಕಾನೂನು ಕೇಳುವವರೆಗೆ ಕಾಯಬೇಕಿಲ್ಲ. ಕಂಬಕ್ಕೆ ಮುಂಚೆ ಒಂದು ಪೂರ್ತಿ ವರ್ಷ ಹಕ್ಕಿಗಳನ್ನು ನೋಡಿ, ಊರಿನ ಕುರಿಗಾಹಿಗಳನ್ನು ಕೇಳಿ, ಆಮೇಲೆ ಚುಕ್ಕೆ ಇಡಿ. ಆ ವರ್ಷದ ಖರ್ಚು ಇಡೀ ಯೋಜನೆಯ ಮುಂದೆ ಲೆಕ್ಕಕ್ಕೇ ಬರುವುದಿಲ್ಲ.