ಮೂರು ಗಂಟೆ ಒಂಬತ್ತು ನಿಮಿಷಕ್ಕೆ ವಾಪಸ್

ಪ್ರಶ್ನೆ: ನನಗೆ 27 ವರ್ಷ. ಔಷಧಿ ಅಂಗಡಿಗಳಿಗೆ ಮಾಲು ಪೂರೈಸುವ ಕಂಪನಿಯೊಂದರಲ್ಲಿ ಡೇಟಾಬೇಸ್ ಅಡ್ಮಿನಿಸ್ಟ್ರೇಟರ್, ಅಂದರೆ ಡಿಬಿಎ. ಐದು ವಾರದ ಹಿಂದೆ, ಒಂದು ಶುಕ್ರವಾರ ಮಧ್ಯಾಹ್ನ, ಒಂದೇ ಒಂದು ಆರ್ಡರಿನ ಸ್ಟೇಟಸ್ ತಿದ್ದಲು ಹೋಗಿ ಯಾವ ಆರ್ಡರ್ ಬದಲಿಸಬೇಕೆಂದು ಹೇಳುವ ‘ವೇರ್’ ಸಾಲೇ ಇಲ್ಲದ ಅಪ್‌ಡೇಟ್ ಓಡಿಸಿಬಿಟ್ಟೆ. ಬೆಳಿಗ್ಗೆ ಏನೋ ಪರೀಕ್ಷೆ ಮಾಡಲು ಆ ಸಾಲನ್ನು ಕಾಮೆಂಟ್ ಮಾಡಿ ಓಡದಂತೆ ಇಟ್ಟಿದ್ದೆ, ಆ ಕಾಮೆಂಟ್ ತೆಗೆಯಲು ಮರೆತಿದ್ದೆ. ಬದಲಾವಣೆಯನ್ನು ಕಾಯಂ ಮಾಡುವ ಕಮಿಟ್ ಕೂಡ ಅದೇ ಸ್ಕ್ರಿಪ್ಟಿನಲ್ಲಿತ್ತು. 3 ಗಂಟೆ 10 ನಿಮಿಷಕ್ಕೆ 41,306 ಆರ್ಡರುಗಳೂ ‘ಡೆಲಿವರ್ಡ್’ ಆಗಿಹೋದವು.

ನಮ್ಮ ಸೀನಿಯರ್ ಅವತ್ತು ರಾತ್ರಿ ಶಿವಮೊಗ್ಗದ ಬಸ್ಸು ಬಿಟ್ಟು ಆಫೀಸಿನಲ್ಲೇ ಕೂತು, ಬೆಳಗಿನ ಜಾವ ನಾಲ್ಕೂವರೆಗೆ ಎಲ್ಲ ಸರಿಮಾಡಿದರು. ಯಾರೂ ಬೈಯಲಿಲ್ಲ. ಸೋಮವಾರದಿಂದ ಜೋಕು ಶುರುವಾಯಿತು. ನನ್ನ ಮಾನಿಟರಿಗೆ ಒಂದು ಹಳದಿ ಚೀಟಿ ಅಂಟಿಸಿದ್ದಾರೆ: ‘ಟೈಮ್‌ಟ್ರಾವೆಲ್ ಟು 15:09;’ ಅದರ ಕೆಳಗೆ ಇನ್ಯಾರೋ, ‘ಎರರ್: ನಿಮಗೆ ಈ ಅಧಿಕಾರವಿಲ್ಲ. ನಿಮ್ಮ ಡಿಬಿಎಯನ್ನು ಸಂಪರ್ಕಿಸಿ.’ ಕ್ಯಾಂಟೀನಿನಲ್ಲಿ ಸಾಂಬಾರು ಚೆಲ್ಲಿದರೂ ನನ್ನ ಕಡೆ ತಿರುಗಿ ‘ಗುರು, ಆ ಕಮಾಂಡ್ ಹಾಕೋ’ ಅಂತಾರೆ. ಹೊಸದಾಗಿ ಸೇರಿದವರಿಗೆ ‘ಇಡೀ ರಾಜ್ಯಕ್ಕೆ ಒಂದೇ ಸೆಕೆಂಡಿನಲ್ಲಿ ಮಾಲು ತಲುಪಿಸಿದ ಪುಣ್ಯಾತ್ಮ’ ಎಂದು ಪರಿಚಯ ಮಾಡಿಕೊಡುತ್ತಾರೆ.

ನಾನೂ ನಗುತ್ತೇನೆ. ಹೊಟ್ಟೆಯೊಳಗೆ ಮಾತ್ರ ಹಿಂಡಿದ ಹಾಗಾಗುತ್ತದೆ. ಏಕೆಂದರೆ ಒಂದು ವಿಷಯ ಯಾರಿಗೂ ಹೇಳಿಲ್ಲ. ತಪ್ಪು ನನಗೆ ಆ ಕ್ಷಣವೇ ಗೊತ್ತಾಗಿತ್ತು. ನಾನೇ ಸರಿಮಾಡಿಬಿಡೋಣ ಅಂತ ಬೆಳಗಿನ ಎಕ್ಸೆಲ್ ರಿಪೋರ್ಟು ಹಿಡಿದು ಒದ್ದಾಡಿದೆ. 3:50ಕ್ಕೆ, ಹಿಂದಿನ ಹೊತ್ತಿನ ಡೇಟಾ ತೋರಿಸುವ ಫ್ಲ್ಯಾಶ್‌ಬ್ಯಾಕ್ ಕ್ವೆರಿ ನೆನಪಾಗಿ ಹಾಕಿದರೆ ‘ಸ್ನ್ಯಾಪ್‌ಶಾಟ್ ಟೂ ಓಲ್ಡ್’ ಎಂದು ಬಂತು. ಆಮೇಲೆ ಸೀನಿಯರ್ ಹತ್ತಿರ ಹೋಗಿ ‘ಈಗ ತಾನೇ ನೋಡಿದೆ ಸರ್’ ಅಂದೆ. ಘಟನೆಯ ವರದಿಯಲ್ಲೂ ಪತ್ತೆಯಾದ ಸಮಯ 3:52 ಅಂತಲೇ ಇದೆ.

ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಬರುವುದಿಲ್ಲ. ತಿಪಟೂರಿನಿಂದ ಅಮ್ಮ ಫೋನ್ ಮಾಡಿ ‘ಯಾಕಪ್ಪಾ ದನಿ ಹಿಂಗಿದೆ’ ಅಂದರೆ ಏನು ಹೇಳಲಿ? ಜೋಕು ನಿಲ್ಲಿಸಿ ಎಂದು ಅವರಿಗೆ ಹೇಳಲೇ? ಬೇರೆ ಕಡೆ ಟೆಸ್ಟಿಂಗ್ ಕೆಲಸ ಸಿಕ್ಕಿದೆ, ಹೋಗಿಬಿಡಲೇ?

– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರ ಓದುವಾಗ ಸಾಂಬಾರಿನ ಹತ್ತಿರ ನಕ್ಕುಬಿಟ್ಟೆ, ಕ್ಷಮಿಸಿ. ಆಪ್ತಸಲಹೆಯ ಕೆಲಸಕ್ಕೆ ಬರುವ ಮುಂಚೆ ನಾನೂ ಹನ್ನೊಂದು ವರ್ಷ ಡೇಟಾಬೇಸ್ ಕಾದವಳು. ನಮ್ಮ ರೂಮಿನಲ್ಲೂ ಆ ಕಮಾಂಡ್ ಇತ್ತು. ‘ಅನ್‌ಡು ನಿನ್ನೆ’ ಎಂದು ಅದರ ಹೆಸರು. ಪಕ್ಕಪಕ್ಕದಲ್ಲಿ ಎರಡು ವಿಂಡೋ ತೆರೆದುಕೊಂಡು, ಟೆಸ್ಟ್ ಅಂದುಕೊಂಡು ಪ್ರೊಡಕ್ಷನ್‌ನಲ್ಲಿ, ಅಂದರೆ ಅಸಲಿ ಡೇಟಾಬೇಸಿನಲ್ಲಿ, ಒಂದು ಟೇಬಲ್ಲನ್ನೇ ಡ್ರಾಪ್ ಮಾಡಿದ ದಿನ ಮೇಜಿನ ಕೆಳಗೆ ನನ್ನ ಪಾದ ತಣ್ಣಗಾದದ್ದು ಇನ್ನೂ ನೆನಪಿದೆ. ಅವತ್ತಿನಿಂದ ಪ್ರೊಡಕ್ಷನ್ ವಿಂಡೋಗೆ ಕೆಂಪು ಹಿನ್ನೆಲೆ ಹಾಕಿದೆ. ನಮ್ಮ ಮನೆಯವರು ಅದನ್ನು ನೋಡಿ ‘ಏನು, ಕುಂಕುಮಾರ್ಚನೆಯೋ’ ಅನ್ನುತ್ತಿದ್ದರು.

ಜೋಕಿನ ವಿಷಯ ಬೇಗ ಮುಗಿಸುತ್ತೇನೆ. ನಿಮ್ಮನ್ನು ಗೇಲಿ ಮಾಡುವ ಪ್ರತಿಯೊಬ್ಬರೂ ಒಮ್ಮೆಯಾದರೂ ‘ವೇರ್’ ಮರೆತವರೇ. ಮೈಎಸ್‌ಕ್ಯುಎಲ್ ಡೇಟಾಬೇಸಿನಲ್ಲಿ ಕೀಲಿ ಕಾಲಮ್ಮಿನ ‘ವೇರ್’ ಅಥವಾ ಲಿಮಿಟ್ ಇಲ್ಲದ ಅಪ್‌ಡೇಟ್, ಡಿಲೀಟ್‌ಗಳನ್ನು ತಡೆಯಲು ಒಂದು ಆಯ್ಕೆ ಇದೆ. ಅದರ ಅಧಿಕೃತ ಹೆಸರು ‘ಸೇಫ್ ಅಪ್‌ಡೇಟ್ಸ್’. ಅದಕ್ಕೊಂದು ಅಡ್ಡಹೆಸರೂ ಇದೆ, ಅದೂ ಅಷ್ಟೇ ಅಧಿಕೃತ: ‘ಐ ಆಮ್ ಎ ಡಮ್ಮಿ’. ನಾನು ಪೆದ್ದ ಎಂದು ಟೈಪ್ ಮಾಡಿದರೆ ರಕ್ಷಣೆ ಸಿಗುತ್ತದೆ! ಇಂಥವರು ಬಂದೇ ಬರುತ್ತಾರೆಂದು ಮೊದಲೇ ಗೊತ್ತಿದ್ದವರು ಇಟ್ಟ ಹೆಸರು ಅದು. ಈ ಕಸುಬಿನಲ್ಲಿ ತಪ್ಪು ಮಾಡಿದವನ ಜೊತೆ ಯಾರೂ ತಮಾಷೆ ಮಾಡದೆ ಸುಮ್ಮನಾದರೆ ಆಗ ಹೆದರಬೇಕು. ಹೊಸಬರ ಮುಂದೆ ಪರಿಚಯಿಸುವ ಜೋಕು ಮಾತ್ರ ಸ್ವಲ್ಪ ಹೆಚ್ಚಾಯಿತು. ಅದನ್ನು ಬಿಡಿ ಎಂದು ಕೇಳುವ ಹಕ್ಕು ನಿಮಗಿದೆ, ಕೇಳಿ.

ಆದರೆ ಜೋಕು ನಿಂತರೂ ರಾತ್ರಿ ಎರಡಕ್ಕೆ ಎಚ್ಚರವಾಗುವುದು ನಿಲ್ಲುತ್ತದೆಂದು ನನಗೆ ಅನಿಸುವುದಿಲ್ಲ. ಮಿಕ್ಕವರಿಗೆ ಆ ಕಮಾಂಡ್ ಬರೀ ಕಲ್ಪನೆ. ನಿಮಗೆ ಹಾಗಲ್ಲ. ಅದು ನಿಜವಾಗಿಯೂ ಇತ್ತು, ಸ್ವಲ್ಪ ಹೊತ್ತು ನಿಮ್ಮ ಕೈಯಲ್ಲೇ ಇತ್ತು.

ಹೀಗೆ ಹಿಂದಕ್ಕೆ ಹೋಗುವುದು ಹಳೆಯ ಕನಸು. 1980ರ ದಶಕದಲ್ಲಿ ಬರ್ಕ್ಲಿಯಲ್ಲಿ ಮೈಕಲ್ ಸ್ಟೋನ್‌ಬ್ರೇಕರ್ ಅವರ ತಂಡ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಕಟ್ಟಿದಾಗ ಹಳೆಯ ಸಾಲುಗಳ ಮೇಲೆ ಹೊಸದನ್ನು ಬರೆಯುತ್ತಲೇ ಇರಲಿಲ್ಲ. ಎಲ್ಲವೂ ಹಾಗೇ ಉಳಿಯುತ್ತಿತ್ತು, ಇಂಥ ದಿನ ಇಂಥ ಹೊತ್ತಿಗೆ ಟೇಬಲ್ ಹೇಗಿತ್ತು ಎಂದು ಕೇಳಬಹುದಿತ್ತು. ಅದಕ್ಕೆ ಅವರೇ ಇಟ್ಟ ಹೆಸರು ‘ಟೈಮ್ ಟ್ರಾವೆಲ್’. 1997ರಲ್ಲಿ 6.2ನೇ ಆವೃತ್ತಿ ಬರುವ ಹೊತ್ತಿಗೆ ಅದನ್ನು ಕಿತ್ತುಹಾಕಿದರು. ಎಲ್ಲವನ್ನೂ ನೆನಪಿಟ್ಟುಕೊಂಡರೆ ವೇಗ ಕುಸಿಯುತ್ತದೆ, ಜಾಗ ಸಾಲುವುದಿಲ್ಲ. ಸಮಯ ಬರೆದಿಡುವ ಒಂದು ಫೈಲಂತೂ ಸ್ವಲ್ಪ ಕಾಲದಲ್ಲೇ ಅನಂತದ ಕಡೆಗೆ ಬೆಳೆಯುತ್ತದೆ ಎಂದು ಅವರ ಕೈಪಿಡಿಯಲ್ಲೇ ಒಪ್ಪಿಕೊಂಡಿದ್ದರು. (ರಾತ್ರಿ ಎರಡು ಗಂಟೆಯ ನಿಮ್ಮ ತಲೆಯೂ ಹೆಚ್ಚುಕಡಿಮೆ ಆ ಫೈಲೇ.) ಇವತ್ತು ಸ್ನೋಫ್ಲೇಕ್ ಎಂಬ ಡೇಟಾಬೇಸ್ ಕಂಪನಿ ಅದೇ ಹೆಸರಿನಲ್ಲಿ ಇದನ್ನು ಮಾರುತ್ತದೆ. ಸಾಮಾನ್ಯವಾಗಿ ಒಂದು ದಿನ, ದುಬಾರಿ ಆವೃತ್ತಿಯಲ್ಲಿ 90 ದಿನದವರೆಗೆ ಹಿಂದಕ್ಕೆ ನೋಡಬಹುದು.

ನೀವು ಹಾಕಿದ ಫ್ಲ್ಯಾಶ್‌ಬ್ಯಾಕ್ ಕ್ವೆರಿ ಒರಾಕಲ್ ಡೇಟಾಬೇಸಿಗೆ 9ಐ ಆವೃತ್ತಿಯಲ್ಲಿ, 2001ರಲ್ಲಿ ಬಂತು. ಬದಲಾದ ಸಾಲುಗಳ ಹಳೆಯ ರೂಪವನ್ನು ‘ಅನ್‌ಡು’ ಜಾಗದಲ್ಲಿ ಸ್ವಲ್ಪ ಹೊತ್ತು ಇಟ್ಟಿರುತ್ತಾರಲ್ಲ, ಅದನ್ನೇ ಓದುತ್ತದೆ. ಸ್ವಲ್ಪ ಹೊತ್ತು ಅಂದರೆ ಎಷ್ಟು? ಯಾರೂ ಬದಲಿಸದಿದ್ದರೆ 900 ಸೆಕೆಂಡು. ಹದಿನೈದು ನಿಮಿಷ. ಜಾಗ ಖಾಲಿಯಿದ್ದರೆ ಇನ್ನೂ ಹೆಚ್ಚು ಹೊತ್ತು ಸಿಗುತ್ತದೆ. ಶುಕ್ರವಾರ ಮಧ್ಯಾಹ್ನದ ಗದ್ದಲದಲ್ಲಿ ಹದಿನೈದೂ ಗ್ಯಾರಂಟಿಯಿಲ್ಲ. ಹಾಗಾಗಿ 3:11ಕ್ಕೇ ಎದ್ದು ಹೋಗಿ ಹೇಳಿದ್ದರೆ ಸೀನಿಯರ್ ನಾಲ್ಕು ಸಾಲು ಬರೆದು ಆರ್ಡರುಗಳನ್ನು ವಾಪಸ್ ತಂದು ರಾತ್ರಿಯ ಬಸ್ಸು ಹಿಡಿಯುತ್ತಿದ್ದರೇ? ಬಹುಶಃ ಹೌದು. ಇಲ್ಲ ಎಂದು ನಿಮ್ಮನ್ನು ಸಮಾಧಾನ ಮಾಡಬಹುದಿತ್ತು, ಆದರೆ ನೀವು ಈ ಲೆಕ್ಕವನ್ನು ನನಗಿಂತ ಮೊದಲೇ ಹಾಕಿದ್ದೀರಿ. ಇಲ್ಲದಿದ್ದರೆ ಪತ್ರದಲ್ಲಿ 3:50 ಎಂದು ಅಷ್ಟು ಕರಾರುವಾಕ್ಕಾಗಿ ಬರೆಯುತ್ತಿರಲಿಲ್ಲ.

ಇನ್ನೊಂದು ಲೆಕ್ಕ ಮಾತ್ರ ನೀವು ಹಾಕಿದಂತಿಲ್ಲ. ಅಪ್‌ಡೇಟ್ ಓಡಿದ ಕೂಡಲೇ ತೆರೆಯ ಮೇಲೆ ‘41,306 ರೋಸ್ ಅಪ್‌ಡೇಟೆಡ್’ ಎಂಬ ಸಾಲು ಬರುತ್ತದೆ. ಒಂದು ಆರ್ಡರ್ ತಿದ್ದಲು ಹೋದವನು ಅದನ್ನು ನೋಡದೆ ಇರುವುದುಂಟೇ? ನಿಮ್ಮ ಸೀನಿಯರ್ ಬೆಳಗಿನ ಜಾವದವರೆಗೆ ಲಾಗ್‌ಗಳ ಮುಂದೆ ಕೂತಿದ್ದವರು. ಕಮಿಟ್ ಆದದ್ದು 3:10ಕ್ಕೆ ಎಂದು ಅವರಿಗೆ ಗೊತ್ತು, ನೀವು ಬಂದದ್ದು 3:52ಕ್ಕೆ ಎಂದೂ ಗೊತ್ತು. ನಡುವೆ ಏನಾಗಿರಬಹುದೆಂದು ಊಹಿಸಲು ದೊಡ್ಡ ಬುದ್ಧಿವಂತಿಕೆ ಬೇಕಿಲ್ಲ. ಅವರಿಗೆ ಗೊತ್ತಿದೆ ಎಂದೇ ನನ್ನ ಊಹೆ. ಸುಮ್ಮನಿರುವುದು ಅವರ ದೊಡ್ಡತನ, ಅಥವಾ ನೀವೇ ಬಂದು ಹೇಳಲಿ ಎಂಬ ಕಾಯುವಿಕೆ.

2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ನಡೆದದ್ದನ್ನು ಓದಿರುತ್ತೀರಿ. ತಡರಾತ್ರಿ, ದಣಿದಿದ್ದ ಎಂಜಿನಿಯರ್ ಒಬ್ಬರು ಎರಡನೇ ಸರ್ವರ್ ಎಂದುಕೊಂಡು ಮುಖ್ಯ ಸರ್ವರಿನ ಡೇಟಾ ಡೈರೆಕ್ಟರಿಯನ್ನೇ ಅಳಿಸಿದರು. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸಿದರೂ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್‌ಗಳನ್ನು ಹುಡುಕಿದರೆ ಒಂದೊಂದೂ ಒಂದೊಂದು ಕಾರಣಕ್ಕೆ ಕೈಕೊಟ್ಟಿತ್ತು. ಆರು ಗಂಟೆ ಮುಂಚೆ ಬೇರೇನೋ ಕೆಲಸಕ್ಕೆಂದು ತೆಗೆದಿಟ್ಟಿದ್ದ ಒಂದು ಸ್ನ್ಯಾಪ್‌ಶಾಟ್ ಅವರನ್ನು ಕಾಪಾಡಿತು. ಆ ಆರು ಗಂಟೆಯ ಡೇಟಾ ಹೋಯಿತು. ಇಷ್ಟೆಲ್ಲ ಹೊರಗಿನವರಿಗೆ ಗೊತ್ತಿರುವುದು ಹೇಗೆ? ರಿಪೇರಿ ನಡೆಯುತ್ತಿದ್ದಾಗಲೇ ಅವರು ತಮ್ಮ ಟಿಪ್ಪಣಿಗಳನ್ನು ಎಲ್ಲರಿಗೂ ತೆರೆದಿಟ್ಟರು, ಯೂಟ್ಯೂಬಿನಲ್ಲಿ ನೇರಪ್ರಸಾರವನ್ನೂ ಮಾಡಿದರು. ನಿಮ್ಮದಕ್ಕಿಂತ ಎಷ್ಟೋ ಪಾಲು ದೊಡ್ಡ ಅನಾಹುತ. ಅಲ್ಲಿ ನಲವತ್ತು ನಿಮಿಷದ ಗುಟ್ಟು ಮಾತ್ರ ಇರಲಿಲ್ಲ.

ಆ ಗುಟ್ಟಿನಿಂದ ನಿಮ್ಮ ನಿದ್ದೆ ಕೆಡುತ್ತಿದೆ ಎಂಬುದು ಒಂದು. ಅದರಿಂದ ವರದಿಯೂ ಕೆಟ್ಟಿದೆ. ‘ಪತ್ತೆಗೆ 42 ನಿಮಿಷ’ ಎಂದು ಬರೆದಿದ್ದರೆ ನಿಮ್ಮ ತಂಡದವರು ಈಗ ಬೇಗ ಪತ್ತೆ ಹಚ್ಚುವ ಅಲರ್ಟ್ ಕಟ್ಟುತ್ತಾ ಕೂತಿರಬಹುದು. ಕಾಯಿಲೆ ಒಂದು, ಕಷಾಯ ಇನ್ನೊಂದು. ನಿಜವಾಗಿ ಬೇಕಾದದ್ದು ಅನ್‌ಡು ಇಟ್ಟುಕೊಳ್ಳುವ ಅವಧಿ ಹೆಚ್ಚಿಸುವುದು, ಕಮಿಟ್ಟನ್ನು ಸ್ಕ್ರಿಪ್ಟಿನಿಂದ ಹೊರಗಿಡುವುದು, ಎಡವಿದ ಹುಡುಗ ಹೆದರದೆ ಎದ್ದು ಬಂದು ಹೇಳುವಂತೆ ಮಾಡುವುದು.

ಆದ್ದರಿಂದ ಹೋಗಿ ಹೇಳಿ. ಎಲ್ಲರ ಮುಂದೆ ಬೇಡ, ಚಾಟ್‌ನಲ್ಲಂತೂ ಬೇಡವೇ ಬೇಡ. ಬೆಳಿಗ್ಗೆ ಆಫೀಸಿನ ಕೆಳಗೆ ಟೀ ಕುಡಿಯಲು ಕರೆದುಕೊಂಡು ಹೋಗಿ. ಪೀಠಿಕೆ ಹಾಕಬೇಡಿ. ‘ಸರ್, ಅವತ್ತು ನನಗೆ ಗೊತ್ತಾಗಿದ್ದು 3:10ಕ್ಕೇ. ಹೆದರಿಕೊಂಡು ನಲವತ್ತು ನಿಮಿಷ ಹೇಳಲಿಲ್ಲ. ವರದಿ ತಿದ್ದಬೇಕು, ನಾನೇ ತಿದ್ದುತ್ತೇನೆ.’ ಇಷ್ಟು ಸಾಕು. ಆಮೇಲೆ ಅವರು ಮಾತಾಡಲಿ. ಸಿಟ್ಟಾದರೆ ಆಗಲಿ, ಹೋದ ಬಸ್ಸು ಅವರದು. ಟಿಕೆಟ್ಟಿನ ದುಡ್ಡು ಕೊಡಲು ಹೋಗಬೇಡಿ, ಅದು ಇನ್ನೊಂದು ಜೋಕಾಗುತ್ತದೆ.

ಟೆಸ್ಟಿಂಗ್ ಕೆಲಸ ನಿಮಗೆ ಇಷ್ಟವಿದ್ದರೆ ಖಂಡಿತ ಸೇರಿ. ಈ ಮಾತು ಹೇಳಿದ ಮೇಲೆ ಸೇರಿ. ಹೇಳದೆ ಹೋದರೆ ಆ 3:52 ನಿಮ್ಮ ಜೊತೆ ಹೊಸ ಆಫೀಸಿಗೂ ಬರುತ್ತದೆ. ಐದು ವಾರ ನಿದ್ದೆಗೆಡುವುದು ಸಣ್ಣ ವಿಷಯವಲ್ಲ. ಹೇಳಿದ ಮೇಲೂ ಒಂದೆರಡು ವಾರದಲ್ಲಿ ಸರಿಹೋಗದಿದ್ದರೆ ವೈದ್ಯರನ್ನು ನೋಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅಮ್ಮನಿಗೆ ಅಪ್‌ಡೇಟು, ಕಮಿಟ್ಟು ವಿವರಿಸುವ ಕಷ್ಟ ಬೇಡ. ‘ಕೆಲಸದಲ್ಲಿ ಒಂದು ತಪ್ಪು ಮಾಡಿದೆ, ಹೇಳೋಕೆ ತಡ ಮಾಡಿದೆ’ ಅಂದರೆ ತಿಪಟೂರಿನವರಿಗೆ ಚೆನ್ನಾಗಿಯೇ ಅರ್ಥವಾಗುತ್ತದೆ.

ಆ ಹಳದಿ ಚೀಟಿಯನ್ನು ಕೀಳಬೇಡಿ. ಟೀ ಕುಡಿದು ಮೇಲೆ ಬಂದ ಮೇಲೆ, ಪೆನ್ನು ತೆಗೆದುಕೊಂಡು 15:09 ಅನ್ನು ಹೊಡೆದುಹಾಕಿ 15:11 ಎಂದು ಬರೆಯಿರಿ. ತಪ್ಪಾಗುವ ಮುಂಚಿನ ನಿಮಿಷಕ್ಕಲ್ಲ ನೀವು ಹೋಗಬೇಕೆಂದುಕೊಂಡದ್ದು. ಯಾಕೋ ಎರಡು ನಿಮಿಷ ಮುಂದೆ ಹಾಕಿದ್ದೀಯ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಹೇಳಬೇಕೋ ಬೇಡವೋ, ಅದು ನಿಮ್ಮಿಷ್ಟ.