ಪೋಕರ್ ಒಂದು ವೃತ್ತಿಯೇ?

ಪ್ರಥಮ ಪಿಯುಸಿಯ ಬಿಸಿನೆಸ್ ಸ್ಟಡೀಸ್ ಪುಸ್ತಕದ ಮೊದಲ ಪಾಠದಲ್ಲೇ ಒಂದು ಕೋಷ್ಟಕವಿದೆ. ಮನುಷ್ಯ ಜೀವನೋಪಾಯಕ್ಕಾಗಿ ಮಾಡುವ ಆರ್ಥಿಕ ಚಟುವಟಿಕೆಗಳನ್ನು ಅಲ್ಲಿ ಮೂರು ಭಾಗ ಮಾಡಿದ್ದಾರೆ: ವ್ಯವಹಾರ, ವೃತ್ತಿ, ಉದ್ಯೋಗ. ಬಂಡವಾಳ ಎಷ್ಟು ಬೇಕು, ಅರ್ಹತೆ ಏನು, ಪ್ರತಿಫಲ ಯಾವುದು, ಅಪಾಯ ಎಷ್ಟು ಎಂದು ಒಂದೊಂದು ಸಾಲಿನಲ್ಲಿ ಹೋಲಿಸಿದ್ದಾರೆ. ನಾವು ಅದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮರೆತುಬಿಡುತ್ತೇವೆ. ಈ ಲೇಖನಕ್ಕಾಗಿ ನಾನು ಆ ಕೋಷ್ಟಕವನ್ನು ಮತ್ತೆ ತೆರೆಯಬೇಕಾಯಿತು. ಕಾರಣ ‘ಪ್ರೊಫೆಷನಲ್ ಪೋಕರ್ ಪ್ಲೇಯರ್’ ಎಂಬ ಮಾತು. ಚೆನ್ನಾಗಿ ಓದಿ ಕೆಲಸದಲ್ಲಿದ್ದ ಯುವಕರು ರಾಜೀನಾಮೆ ಕೊಟ್ಟು ಇಸ್ಪೀಟಿನಿಂದಲೇ ಬದುಕುತ್ತೇವೆ ಎಂದು ಹೊರಡುವುದು ಅಮೆರಿಕದಲ್ಲಿ ಇಪ್ಪತ್ತು ವರ್ಷಗಳಿಂದ ನಡೆದಿದೆ. ನಂತರ ಅದು ಬೆಂಗಳೂರಿಗೂ ಬಂತು. ನಮ್ಮೂರುಗಳಲ್ಲಿ ಅಂದರ್ ಬಾಹರ್ ಆಡುತ್ತಿದ್ದವರನ್ನು ಪೊಲೀಸರು ಹಿಡಿದ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತದೆ. ಅವರನ್ನು ಯಾರೂ ಪ್ರೊಫೆಷನಲ್ ಎಂದು ಕರೆಯುವುದಿಲ್ಲ!

ಜೂಜು ಹರಾಮ್ ಎಂಬುದನ್ನು ನಮ್ಮಲ್ಲಿ ಅನೇಕರು ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದಿದ್ದೇವೆ. ಆದರೆ ಅಷ್ಟು ಹೇಳಿ ನಿಲ್ಲಿಸಿದರೆ ಎದುರಿನವರ ಉತ್ತರ ಸಿದ್ಧವಾಗಿರುತ್ತದೆ: “ಇದು ಜೂಜಲ್ಲ, ಸ್ಕಿಲ್ ಗೇಮ್.” ಸೂರಾ ಅಲ್-ಬಕರಾದಲ್ಲಿ ಜೂಜಿನಿಂದ ಜನರಿಗೆ ಒಂದಿಷ್ಟು ಲಾಭವೂ ಇದೆ, ಆದರೆ ಅದರ ಪಾಪ ಲಾಭಕ್ಕಿಂತ ದೊಡ್ಡದು ಎಂಬ ಅರ್ಥದ ಆಯತ್ ಇದೆ. ಲಾಭವೇ ಇಲ್ಲ ಎಂದು ಅಲ್ಲಿ ಹೇಳಿಲ್ಲ ಎಂಬುದನ್ನು ಗಮನಿಸಿ. ಆದ್ದರಿಂದ ನಾವೂ ಅವರ ವಾದವನ್ನು ಒಪ್ಪಿಕೊಂಡೇ ಲೆಕ್ಕ ಹಾಕೋಣ. ಪೋಕರಿನಲ್ಲಿ ಕೌಶಲ ಇದೆ, ಕೆಲವರು ಗೆಲ್ಲುತ್ತಾರೆ ಎಂದೇ ಇಟ್ಟುಕೊಳ್ಳೋಣ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಹೆಚ್ಚು ಪ್ರಚಾರದಲ್ಲಿರುವ ಟೆಕ್ಸಾಸ್ ಹೋಲ್ಡೆಮ್ ಪದ್ಧತಿಯಲ್ಲಿ ಪ್ರತಿ ಆಟಗಾರನಿಗೆ ಎರಡು ಎಲೆಗಳನ್ನು ಗುಟ್ಟಾಗಿ ಕೊಡುತ್ತಾರೆ. ಮೇಜಿನ ಮೇಲೆ ಐದು ಎಲೆಗಳನ್ನು ಹಂತ ಹಂತವಾಗಿ ಬಿಚ್ಚುತ್ತಾರೆ. ಒಟ್ಟು ಏಳರಲ್ಲಿ ಒಳ್ಳೆಯ ಐದು ಯಾರದೋ ಅವರು ಗೆದ್ದಂತೆ. ನಡುನಡುವೆ ಹಣ ಏರಿಸುತ್ತಾ ಹೋಗುತ್ತಾರೆ. ಎಲೆ ಕೆಟ್ಟದಿದ್ದರೂ ಒಳ್ಳೆಯದು ಇದ್ದಂತೆ ನಟಿಸಿ ಎದುರಾಳಿಯನ್ನು ಹಿಂದೆ ಸರಿಸುವುದಕ್ಕೆ ಬ್ಲಫ್ ಎನ್ನುತ್ತಾರೆ. ಬೇಸಿಕ್ ಮ್ಯಾಥ್ಸ್‌ನ ಕಾಂಬಿನೇಶನ್ ಪಾಠ ಇಲ್ಲಿ ನೇರವಾಗಿ ಬರುತ್ತದೆ. 52 ಎಲೆಗಳಲ್ಲಿ ಎರಡನ್ನು ಆರಿಸುವ ವಿಧಾನ 1,326. ಅದರಲ್ಲಿ ಎರಡೂ ಎಕ್ಕ ಬರುವುದು ಆರು ವಿಧಾನದಲ್ಲಿ, ಅಂದರೆ 221 ಸಲಕ್ಕೆ ಒಂದು ಸಲ. ಹಾಗೆ ಎರಡು ಎಕ್ಕ ಬಂದು, ಎದುರಿನವನ ಹತ್ತಿರ ಎರಡು ರಾಜ ಇದ್ದರೆ ಎಕ್ಕದವನು ಗೆಲ್ಲುವುದು 100ರಲ್ಲಿ ಸುಮಾರು 82 ಸಲ. ಉಳಿದ 18 ಸಲ, ಒಂದು ತಪ್ಪೂ ಮಾಡದೆ, ಇಟ್ಟ ಹಣವನ್ನೆಲ್ಲ ಕಳೆದುಕೊಳ್ಳುತ್ತಾನೆ. ಈ 18 ನೆನಪಿರಲಿ, ಮುಂದೆ ಬೇಕಾಗುತ್ತದೆ.

ಈಗ ಎಲ್ಲರೂ ಹೇಳುವ ಕಥೆಗೆ ಬರೋಣ. 2003ರಲ್ಲಿ ಅಮೆರಿಕದ ಟೆನೆಸ್ಸಿ ರಾಜ್ಯದ ಕ್ರಿಸ್ ಮನಿಮೇಕರ್ ಎಂಬ 27 ವರ್ಷದ ಯುವಕ ಲಾಸ್ ವೇಗಸ್‌ನ ‘ವರ್ಲ್ಡ್ ಸೀರೀಸ್ ಆಫ್ ಪೋಕರ್’ ಮುಖ್ಯ ಪಂದ್ಯ ಗೆದ್ದ. ಹೆಸರೇ ಮನಿಮೇಕರ್, ಅದು ಅವನ ನಿಜವಾದ ಮನೆತನದ ಹೆಸರು! ಅವನ ಕೆಲಸ ಯಾವುದು ಗೊತ್ತೇ? ಅಕೌಂಟೆಂಟ್. ನಮ್ಮ ಕಾಮರ್ಸ್‌ನವನೇ. ಆ ಪಂದ್ಯದ ಪ್ರವೇಶ ಶುಲ್ಕ 10,000 ಡಾಲರ್. ಅವನು ಅಷ್ಟು ಹಣ ಕಟ್ಟಲಿಲ್ಲ. ಇಂಟರ್‌ನೆಟ್‌ನಲ್ಲಿ 86 ಡಾಲರಿನ ಒಂದು ಅರ್ಹತಾ ಪಂದ್ಯ ಗೆದ್ದು ಸೀಟು ಗಿಟ್ಟಿಸಿದ. ಕೊನೆಗೆ 25 ಲಕ್ಷ ಡಾಲರ್ ಬಹುಮಾನ ಪಡೆದ. ಆಟಗಾರರ ಗುಪ್ತ ಎಲೆಗಳನ್ನು ಸಣ್ಣ ಕ್ಯಾಮೆರಾದಿಂದ ಟಿವಿಯಲ್ಲಿ ತೋರಿಸಿದ್ದರಿಂದ ಮನೆಯಲ್ಲಿ ಕುಳಿತವರಿಗೆ “ನಾನಾಗಿದ್ದರೂ ಹೀಗೇ ಆಡುತ್ತಿದ್ದೆ” ಅನಿಸಿತು. ಆ ವರ್ಷ ಆಡಿದವರು 839 ಜನ. ಮರುವರ್ಷ 2,576. 2006ರಲ್ಲಿ 8,773. 2004ರಲ್ಲಿ ಗೆದ್ದ ಗ್ರೆಗ್ ರೇಮರ್ ಪೇಟೆಂಟ್ ವಕೀಲ, 2005ರಲ್ಲಿ ಗೆದ್ದ ಜೋ ಹ್ಯಾಚೆಮ್ ಹಿಂದೆ ಬೆನ್ನುಮೂಳೆಯ ಚಿಕಿತ್ಸೆ ಮಾಡುತ್ತಿದ್ದವನು. ಮೂರು ವರ್ಷ ಸಾಲಾಗಿ, ಮೊದಲು ಬೇರೆ ಕೆಲಸದಿಂದ ಬದುಕಿದ ಮನುಷ್ಯರೇ ಗೆದ್ದರು. ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತ ಹುಡುಗರಿಗೆ ಇನ್ನೇನು ಬೇಕು?

ಈ ಕಥೆಯಲ್ಲಿ ಎರಡು ವಿಷಯಗಳನ್ನು ಬಿಟ್ಟು ಹೇಳುತ್ತಾರೆ. ಒಂದು, 2003ರಲ್ಲಿ 839 ಸೀಟುಗಳ ಬೆಲೆ 83.9 ಲಕ್ಷ ಡಾಲರ್, ಬಹುಮಾನವಾಗಿ ಹಂಚಿದ್ದು ಸುಮಾರು 78 ಲಕ್ಷ. ಉಳಿದದ್ದು ಪಂದ್ಯ ನಡೆಸುವವರ ಕಡೆಗೆ ಹೋಯಿತು. ಅಂದರೆ ಆಟ ಶುರುವಾಗುವ ಮೊದಲೇ ಆಟಗಾರರೆಲ್ಲ ಸೇರಿ ನಷ್ಟದಲ್ಲಿದ್ದರು. ಎರಡನೆಯದು ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯ. ಮನಿಮೇಕರ್ ಕೆಲಸ ಬಿಟ್ಟು ಗೆಲ್ಲಲಿಲ್ಲ, ಗೆದ್ದು ಕೆಲಸ ಬಿಟ್ಟ. ಆ 86 ಡಾಲರ್ ಹೋಗಿದ್ದರೂ ತಿಂಗಳ ಕೊನೆಗೆ ಅವನ ಸಂಬಳ ಬರುತ್ತಿತ್ತು. ಅವನನ್ನು ನೋಡಿ ಹೊರಟವರು ಈ ಕ್ರಮವನ್ನೇ ತಿರುಗಿಸಿಬಿಟ್ಟರು.

ಕ್ರಮ ತಿರುಗಿಸಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕ. ಅಂಕಿಗಳು ನಾನೇ ಊಹಿಸಿದ್ದು. ಬೆಂಗಳೂರಿನಲ್ಲಿ ಒಬ್ಬ ಹುಡುಗನಿಗೆ ₹30,000 ಸಂಬಳ, ₹22,000 ಖರ್ಚು, ₹8,000 ಉಳಿತಾಯ. ಶನಿವಾರ ಭಾನುವಾರ ಪೋಕರ್ ಆಡಿ ಸರಾಸರಿ ತಿಂಗಳಿಗೆ ₹10,000 ಗೆಲ್ಲುತ್ತಾನೆ. ಆದರೆ ಸರಾಸರಿ ಅಂದರೆ ಸಂಬಳವಲ್ಲ. ಒಂದು ತಿಂಗಳು ₹40,000 ಬರುತ್ತದೆ, ಇನ್ನೊಂದು ತಿಂಗಳು ₹25,000 ಹೋಗುತ್ತದೆ. ಮೂರು ತಿಂಗಳು ಸತತವಾಗಿ ₹25,000 ಹೋದರೂ ಉಳಿತಾಯ ಕಳೆದರೆ ಅವನ ನಿವ್ವಳ ನಷ್ಟ ₹51,000. ನೋವಾಗುತ್ತದೆ, ಆದರೆ ಬಾಡಿಗೆ ನಿಲ್ಲುವುದಿಲ್ಲ.

ಅವನು ಹೀಗೆ ಯೋಚಿಸುತ್ತಾನೆ: “ಮೂರು ಪಟ್ಟು ಹೆಚ್ಚು ಆಡಿದರೆ ₹30,000 ಬರುತ್ತದೆ, ಅದು ಸಂಬಳಕ್ಕೆ ಸಮ.” ಮೂರು ಲಕ್ಷ ಬಂಡವಾಳ ಇಟ್ಟುಕೊಂಡು ರಾಜೀನಾಮೆ ಕೊಡುತ್ತಾನೆ. ಈಗ ಮನೆ ಬಾಡಿಗೆ, ಊಟ, ಮೊಬೈಲ್ ರೀಚಾರ್ಜ್, ಊರಿಗೆ ಕಳಿಸುವ ಹಣ ಎಲ್ಲವೂ ಆ ಮೂರು ಲಕ್ಷದಿಂದಲೇ ಹೋಗಬೇಕು. ಅಕೌಂಟೆನ್ಸಿಯಲ್ಲಿ ಇದಕ್ಕೆ ಡ್ರಾಯಿಂಗ್ಸ್ ಎನ್ನುತ್ತೇವೆ. ಹೆಚ್ಚು ಆಡಿದ್ದರಿಂದ ಏರಿಳಿತವೂ ದೊಡ್ಡದಾಗಿದೆ. ಎಕ್ಕ ಸೋಲುವ ಆ 18 ಸಲಗಳು ಒಟ್ಟಿಗೇ ಬಂದಂಥ ಮೂರು ಕೆಟ್ಟ ತಿಂಗಳಲ್ಲಿ ತಿಂಗಳಿಗೆ ₹40,000 ಸೋತರೆ, ₹22,000 ಡ್ರಾಯಿಂಗ್ಸ್ ಸೇರಿ ಮೂರು ತಿಂಗಳಿಗೆ ₹1,86,000. ಉಳಿದದ್ದು ₹1,14,000. ಇಷ್ಟೇ ಬಂಡವಾಳದಲ್ಲಿ ಮೊದಲಿನ ಮೇಜಿಗೆ ಕೂರುವುದು ಅಪಾಯ ಎಂದು ಪೋಕರ್ ಆಟಗಾರರೇ ಹೇಳುತ್ತಾರೆ, ಸಣ್ಣ ಮೇಜಿಗೆ ಇಳಿಯಬೇಕು. ಸಣ್ಣ ಮೇಜಿನಲ್ಲಿ ಗೆಲುವೂ ಸಣ್ಣದು. ಡ್ರಾಯಿಂಗ್ಸ್ ಮಾತ್ರ ಅಷ್ಟೇ. ಹುಡುಗನ ಕೌಶಲ ಒಂದಿಂಚೂ ಕಡಿಮೆಯಾಗಿಲ್ಲ. ಅವನ ನಿಜವಾದ ಬಂಡವಾಳ ಆ ಮೂರು ಲಕ್ಷವಲ್ಲ, ಅವನು ಬಿಟ್ಟುಬಂದ ಕೆಲಸ.

ರೇಕ್ ಬಗ್ಗೆಯೂ ಹೇಳಬೇಕು. ಪೋಕರಿನಲ್ಲಿ ಆಡಿಸುವವನು ಆಟಗಾರನ ವಿರುದ್ಧ ಆಡುವುದಿಲ್ಲ. ಮೇಜಿನ ಮೇಲೆ ಕೂಡಿದ ಹಣದಿಂದ ಒಂದು ಪಾಲು ತೆಗೆದುಕೊಳ್ಳುತ್ತಾನೆ, ಅದೇ ರೇಕ್. ಆರು ಜನ ತಲಾ ₹1,000 ತಂದಿದ್ದಾರೆ ಎನ್ನಿ. ಪ್ರತಿ ಆಟದಲ್ಲಿ ಸುಮಾರು ₹400 ಕೂಡುತ್ತದೆ, ಶೇಕಡಾ 5 ರೇಕ್ ಅಂದರೆ ₹20. ಗಂಟೆಗೆ 25 ಆಟ ನಡೆದರೆ ₹500. ಹೀಗೇ ಸಾಗಿದರೆ 12 ಗಂಟೆಯಲ್ಲಿ ಆ ₹6,000 ಪೂರ್ತಿ ಆಡಿಸುವವನ ಕಡೆಗೆ ಹೋಗಿರುತ್ತದೆ. ಹಾಗಾದರೆ ಗೆಲ್ಲುವವನು ಹೇಗೆ ಗೆಲ್ಲುತ್ತಾನೆ? ಹೊಸಬರು ಹಣ ತರುತ್ತಲೇ ಇರಬೇಕು. ಅಂಥ ಹೊಸಬರನ್ನು ಪೋಕರ್ ಭಾಷೆಯಲ್ಲಿ ‘ಮೀನು’ ಎನ್ನುತ್ತಾರೆ. ಆ ಮೀನಿಗೆ ಎಲ್ಲೋ ಒಂದು ಕಡೆ ಸಂಬಳ ಬರುತ್ತಿರುತ್ತದೆ. ಸಂಬಳ ಬೇಡ ಎಂದು ಹೊರಬಂದವನು ಕೊನೆಗೆ ಇನ್ನೊಬ್ಬರ ಸಂಬಳದ ಮೇಲೆಯೇ ಬದುಕಬೇಕು.

ಇದನ್ನೆಲ್ಲ ದಾಟಿ ನಿಜವಾಗಿ ಗೆಲ್ಲುತ್ತಿದ್ದವರ ಗತಿ ಏನಾಯಿತು ಎಂಬುದಕ್ಕೆ 2011 ನೋಡಬೇಕು. ಆ ವರ್ಷ ಏಪ್ರಿಲ್ 15, ಶುಕ್ರವಾರ, ಅಮೆರಿಕದ ನ್ಯಾಯ ಇಲಾಖೆ ಮೂರು ದೊಡ್ಡ ಪೋಕರ್ ಕಂಪನಿಗಳ ಮುಖ್ಯಸ್ಥರ ಮೇಲೆ ಮೊಕದ್ದಮೆ ಹಾಕಿತು. ಅಲ್ಲಿನ ಆಟಗಾರರಿಗೆ ಆ ಸೈಟುಗಳು ಒಂದೇ ದಿನದಲ್ಲಿ ಬಂದ್ ಆದವು. ಆಟಗಾರರು ಆ ದಿನವನ್ನು ಕಪ್ಪು ಶುಕ್ರವಾರ ಎಂದು ಕರೆಯುತ್ತಾರೆ. ಮೂರರಲ್ಲಿ ಒಂದಾದ ಫುಲ್ ಟಿಲ್ಟ್ ಪೋಕರ್ ಲೆಕ್ಕವನ್ನು ಸರ್ಕಾರಿ ವಕೀಲರು ಕೋರ್ಟಿಗೆ ಕೊಟ್ಟರು. 2011ರ ಮಾರ್ಚ್ ಕೊನೆಗೆ ಕಂಪನಿ ಜಗತ್ತಿನ ಆಟಗಾರರಿಗೆ ಕೊಡಬೇಕಾದದ್ದು ಸುಮಾರು 39 ಕೋಟಿ ಡಾಲರ್, ಬ್ಯಾಂಕಿನಲ್ಲಿ ಇದ್ದದ್ದು ಸುಮಾರು 6 ಕೋಟಿ. ದ್ವಿತೀಯ ಪಿಯುಸಿಯವರು ಅನುಪಾತ ಹಾಕಿ ನೋಡಿ: 0.15. ಲಿಕ್ವಿಡ್ ರೇಶಿಯೋ 1:1 ಇರಬೇಕು ಎಂದು ನಾವು ಓದುತ್ತೇವೆ. ಆಟಗಾರರ ಠೇವಣಿಯನ್ನು ಕಂಪನಿ ತನ್ನ ಹಣದಿಂದ ಬೇರೆ ಇಟ್ಟಿರಲಿಲ್ಲ, ಮಾಲೀಕರಿಗೆ ಹಂಚಿತ್ತು ಎಂಬುದು ಆರೋಪ. ಪರದೆಯ ಮೇಲೆ ತಮ್ಮ ಖಾತೆಯಲ್ಲಿ ದೊಡ್ಡ ಮೊತ್ತ ನೋಡುತ್ತಿದ್ದವರಿಗೆ ಅದು ಬರೀ ಅಂಕಿ ಎಂದು ಆಗ ಗೊತ್ತಾಯಿತು. ಅಮೆರಿಕದ ಆಟಗಾರರಿಗೆ ಹಣ ಮರಳಲು ಶುರುವಾಗಿದ್ದು 2014ರಲ್ಲಿ. ಕೆಲವರು ಆಡುವುದಕ್ಕಾಗಿಯೇ ಮೆಕ್ಸಿಕೋ, ಕೆನಡಾಗಳಿಗೆ ಮನೆ ಬದಲಿಸಿದರು.

ನಮ್ಮಲ್ಲಿ ನೆಲ ಇನ್ನೂ ಅಲುಗಾಡುತ್ತಿತ್ತು. 2013ರಲ್ಲಿ ಕರ್ನಾಟಕ ಹೈಕೋರ್ಟ್, ಪೋಕರನ್ನು ಕೌಶಲದ ಆಟವಾಗಿ ಆಡಿದರೆ ಪರವಾನಗಿ ಬೇಕಿಲ್ಲ ಎಂದಿತು. 2017ರಲ್ಲಿ ಗುಜರಾತ್ ಹೈಕೋರ್ಟ್ ಅದೇ ಆಟವನ್ನು ಜೂಜು ಎಂದಿತು. 2021ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸರ್ಕಾರ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು. 2023ರಲ್ಲಿ ಆನ್‌ಲೈನ್ ಆಟದ ನಿವ್ವಳ ಗೆಲುವಿನ ಮೇಲೆ ಶೇಕಡಾ 30 ತೆರಿಗೆ, ಕಟ್ಟುವ ಪೂರ್ತಿ ಹಣದ ಮೇಲೆ ಶೇಕಡಾ 28 ಜಿಎಸ್‌ಟಿ ಬಂತು. ಒಬ್ಬ ಕಿರಾಣಿ ಅಂಗಡಿಯವನು ಈ ವರ್ಷದ ನಷ್ಟವನ್ನು ಎಂಟು ವರ್ಷಗಳವರೆಗೆ ಮುಂದೆ ಒಯ್ದು ಲಾಭದಲ್ಲಿ ಕಳೆಯಬಹುದು. ಇಸ್ಪೀಟಿನಲ್ಲಿ ಸೋತವನಿಗೆ ಆ ಸೌಲಭ್ಯವಿಲ್ಲ. 2025ರ ಆಗಸ್ಟ್ 21ರಂದು ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿತು, ಮರುದಿನ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ ಎಂಬ ಪ್ರಶ್ನೆಯನ್ನೇ ಅದು ಬದಿಗಿಟ್ಟಿತು. ಹಣ ಕಟ್ಟಿ ಆಡಿಸುವ ಆನ್‌ಲೈನ್ ಆಟ ಯಾವುದೇ ಆಗಲಿ, ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡುವವನಿಗೆ ಶಿಕ್ಷೆ ಇಲ್ಲ. ಕೆಲವೇ ದಿನಗಳಲ್ಲಿ ದೊಡ್ಡ ದೊಡ್ಡ ಆಪ್‌ಗಳು ಹಣದ ಆಟ ನಿಲ್ಲಿಸಿದವು. ಕದ್ದುಮುಚ್ಚಿ ಆಡಿಸುವ ವಿದೇಶಿ ಸೈಟುಗಳಿವೆ, ಆದರೆ ಅಲ್ಲಿ ಹಣ ಸಿಕ್ಕಿಹಾಕಿಕೊಂಡರೆ ಯಾವ ಬಾಗಿಲು ತಟ್ಟುವುದು?

ಈಗ ಆ ಕೋಷ್ಟಕಕ್ಕೆ ಹಿಂದಿರುಗೋಣ. ಪೋಕರ್ ವ್ಯವಹಾರವೇ? ಅಪಾಯ ಇಲ್ಲದೆ ಲಾಭವಿಲ್ಲ ಎಂಬ ಮಾತನ್ನು ಅವರು ನಮ್ಮ ಪುಸ್ತಕದಿಂದಲೇ ಎತ್ತುತ್ತಾರೆ. ಆದರೆ ವ್ಯಾಪಾರಿಯ ಅಪಾಯ ಒಂದು ಸರಕಿನ, ಒಂದು ಸೇವೆಯ ಜೊತೆಗೆ ಬರುವಂಥದ್ದು. ರೇಷ್ಮೆಗೂಡು ಕೊಂಡವನಿಗೆ ಬೆಲೆ ಬಿದ್ದರೂ ಯಾರೋ ಒಬ್ಬರಿಗೆ ಸೀರೆ ಸಿಗುತ್ತದೆ. ಪೋಕರಿನಲ್ಲಿ ಅಪಾಯವನ್ನು ಮೇಜಿನ ಮೇಲೆ ಬೇಕೆಂದೇ ಹುಟ್ಟಿಸುತ್ತಾರೆ, ಆಟ ಮುಗಿದ ಮೇಲೆ ಹಣದ ಜಾಗ ಬದಲಾಗಿರುತ್ತದೆ, ಅಷ್ಟೇ. ವೃತ್ತಿಯೇ? ವೃತ್ತಿಗೆ ಅರ್ಹತೆ, ನೀತಿಸಂಹಿತೆ, ಸೇವೆಗೆ ಶುಲ್ಕ ಇರಬೇಕು. ಎದುರು ಕುಳಿತ ಮೀನು ಯಾರ ಕಕ್ಷಿದಾರನೂ ಅಲ್ಲ, ಯಾರ ರೋಗಿಯೂ ಅಲ್ಲ. ಉದ್ಯೋಗದ ಕಾಲಮ್ಮಿನಲ್ಲಿ ನೇಮಕಾತಿ ಪತ್ರ, ಸಂಬಳ ಇವೆ. ಪೋಕರಿನಲ್ಲಿ ಅವೆರಡೂ ಇಲ್ಲ.

ಕೆಲಸ ಬಿಟ್ಟವರನ್ನು ಸೋಮಾರಿಗಳು ಎಂದು ನಾನು ಹೇಳುವುದಿಲ್ಲ. ಲೆಕ್ಕದಲ್ಲಿ ಚುರುಕಾದವರೇ ಹೆಚ್ಚಾಗಿ ಈ ಕಡೆ ಹೋಗುತ್ತಾರೆ. ಬಿ.ಕಾಂ ಮುಗಿಸಿದವನ ಮೊದಲ ಸಂಬಳ ಎಷ್ಟೆಂದು ನಮಗೆಲ್ಲ ಗೊತ್ತು, ಬೆಂಗಳೂರಿನ ಬಾಡಿಗೆಯೂ ಗೊತ್ತು. ಆದರೆ ಪೋಕರ್ ಸಾಕೆನಿಸಿ ಹಿಂದಿರುಗುವ ದಿನ ಅವನ ಕೈಯಲ್ಲಿ ಇರುವುದು ಹಳೆಯ ಕಂಪನಿ ಕೊಟ್ಟ ರಿಲೀವಿಂಗ್ ಲೆಟರ್ ಒಂದೇ. ಅದರ ಮೇಲೆ ದಿನಾಂಕ ಇರುತ್ತದೆ. ಇಂಟರ್‌ವ್ಯೂನಲ್ಲಿ ಕುಳಿತವರು ಅದನ್ನು ನೋಡಿ, ಅಂದಿನಿಂದ ಇಂದಿನವರೆಗೆ ಏನು ಮಾಡುತ್ತಿದ್ದಿರಿ ಎಂದು ಮೊದಲು ಕೇಳುತ್ತಾರೆ.